ಲಾರಿಯ ಹೊಗೆಗೂ ಟೋಲ್ ಕಟ್ಟಬೇಕಾ?

ಪ್ರಶ್ನೆ: ನಮ್ಮದು ಶಿವಮೊಗ್ಗ. ಹತ್ತು ಚಕ್ರದ ಎರಡು ಲಾರಿ ಇವೆ. ಒಂದು 2014ರದು. ಇನ್ನೊಂದು 2021ರದು, ಅದರ ಕಂತು ಇನ್ನೂ ಮುಗಿದಿಲ್ಲ. ಅಡಿಕೆ ಲೋಡ್ ಮಾಡಿಕೊಂಡು ದೆಹಲಿ ಕಡೆ ಓಡಿಸುತ್ತಿದ್ದೆವು. ದಾರಿಯುದ್ದಕ್ಕೂ ಟೋಲ್, ಡೀಸೆಲ್‌ನಲ್ಲಿ ತೆರಿಗೆ, ಜೊತೆಗೆ ರೋಡ್ ಟ್ಯಾಕ್ಸ್. ದೆಹಲಿ ಗಡಿಯಲ್ಲಿ ಪರಿಸರ ಪರಿಹಾರ ಶುಲ್ಕ ಅಂತ ಮತ್ತೆ ದುಡ್ಡು. ಈಗ ಹಳೇ ಲಾರಿಯನ್ನು ದೆಹಲಿ ಒಳಗೆ ಬಿಡುವುದೇ ಇಲ್ಲ. ನನ್ನ ಭಾವಮೈದ ಜರ್ಮನಿಯಲ್ಲಿದ್ದಾನೆ. ಅಲ್ಲಿ ಹೊಗೆಗೆ ಇಷ್ಟು, ಶಬ್ದಕ್ಕೆ ಇಷ್ಟು ಅಂತ ಲಾರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಾಕುತ್ತಾರಂತೆ. ಇದರಿಂದ ಪರಿಸರಕ್ಕೆ ನಿಜವಾಗಿ ಏನಾದರೂ ಉಪಯೋಗ ಇದೆಯಾ? ಇಲ್ಲ ದುಡ್ಡು ಎತ್ತುವುದಕ್ಕೆ ಇನ್ನೊಂದು ಹೆಸರಾ?

ಉತ್ತರ: ಎರಡೂ ಹೌದು. ದುಡ್ಡು ಎತ್ತುವುದೂ ನಿಜ, ಉಪಯೋಗ ಇರುವುದೂ ನಿಜ. ಯಾವುದು ಎಷ್ಟು ಎನ್ನುವುದು ಶುಲ್ಕವನ್ನು ಹೇಗೆ ಹಾಕಿದ್ದಾರೆ ಎನ್ನುವುದರ ಮೇಲಿದೆ. ನಿಮ್ಮ ಸಿಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ನ್ಯಾಯ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಸಿಟ್ಟು ಬರಬೇಕಾದದ್ದು ಹೊಗೆಗೆ ದುಡ್ಡು ಕೇಳಿದರು ಅಂತ ಅಲ್ಲ. ನಿಮ್ಮ ಎರಡು ಲಾರಿಗಳ ಹೊಗೆಗೆ ಒಂದೇ ದುಡ್ಡು ಕೇಳಿದರಲ್ಲ, ಅದಕ್ಕೆ.

2014ರ ಲಾರಿ ಬಿಎಸ್-3 ಇರಬೇಕು. 2021ರದು ಬಿಎಸ್-6. ಬಿಎಸ್ ಅಂದರೆ ಭಾರತ್ ಸ್ಟೇಜ್, ಎಂಜಿನ್ ಎಷ್ಟು ಹೊಗೆ ಬಿಡಬಹುದು ಎನ್ನುವ ಸರ್ಕಾರಿ ದರ್ಜೆ. ನಂಬರ್ ಏರಿದಷ್ಟೂ ಹೊಗೆ ಕಡಿಮೆ. ಭಾರಿ ಡೀಸೆಲ್ ಎಂಜಿನ್‌ಗಳಿಗೆ ಬಿಎಸ್-3ರಲ್ಲಿ ನೈಟ್ರೋಜನ್ ಆಕ್ಸೈಡ್‌ಗಳ ಮಿತಿ ಎಂಜಿನ್ ಮಾಡುವ ಒಂದು ಕಿಲೋವ್ಯಾಟ್ ಅವರ್ ಕೆಲಸಕ್ಕೆ 5 ಗ್ರಾಂ. ಬಿಎಸ್-6ರಲ್ಲಿ 0.46 ಗ್ರಾಂ. ಶ್ವಾಸಕೋಶದ ಆಳಕ್ಕೆ ಇಳಿಯುವ ಮಸಿಯ ಕಣಗಳ ಮಿತಿ 0.10 ಗ್ರಾಂನಿಂದ 0.01ಕ್ಕೆ ಇಳಿದಿದೆ. ಕಾಗದದ ಲೆಕ್ಕದಲ್ಲಿ ಒಂದು ಹಳೇ ಲಾರಿ ಹತ್ತು ಹೊಸ ಲಾರಿಗಳಷ್ಟು ಮಸಿ ಕಾರುತ್ತದೆ. ರಸ್ತೆಯ ಮೇಲೆ ಎಂಜಿನ್ ಹೇಗಿಟ್ಟುಕೊಂಡಿದ್ದೀರಿ ಎನ್ನುವುದರ ಮೇಲೆ ಸ್ವಲ್ಪ ಆಚೀಚೆ ಆಗಬಹುದು. ಹೊಸ ಲಾರಿಗೆ ನೀವು ಕಂತು ಕಟ್ಟುತ್ತೀರಿ, ಹೊಗೆ ಶುದ್ಧ ಮಾಡುವ ಆಡ್‌ಬ್ಲೂ ದ್ರಾವಣ ತುಂಬಿಸುತ್ತೀರಿ, ಸೆನ್ಸರ್ ಕೈಕೊಟ್ಟರೆ ಶೋರೂಂ ಮುಂದೆ ಕಾಯುತ್ತೀರಿ. ಇಷ್ಟೆಲ್ಲ ಮಾಡಿದರೂ ಟೋಲ್ ಗೇಟ್‌ನಲ್ಲಿ ಎರಡಕ್ಕೂ ಒಂದೇ ದರ.

ಈಗ ಮೂಲಕ್ಕೆ ಬರೋಣ. ಲಾರಿ ಬಾಡಿಗೆಯಲ್ಲಿ ಡೀಸೆಲ್, ಟಯರ್, ಡ್ರೈವರ್ ಬಾಟಾ, ಟೋಲ್, ಕಂತು ಎಲ್ಲ ಸೇರಿರುತ್ತದೆ. ಬಿಲ್ಟಿಯಲ್ಲಿ, ಅಂದರೆ ಲೋಡಿನ ಜೊತೆ ಬರೆಯುವ ಚೀಟಿಯಲ್ಲಿ, ಎಂದೂ ಬರದ ಕೆಲವು ಖರ್ಚುಗಳಿವೆ. ಹೆದ್ದಾರಿ ಪಕ್ಕದಲ್ಲಿ ಇಡೀ ದಿನ ಟೀ ಅಂಗಡಿ ನಡೆಸುವವನ ಕೆಮ್ಮು. ರಾತ್ರಿಯಿಡೀ ಏರ್ ಹಾರ್ನ್ ಕೇಳಿ ನಿದ್ದೆಗೆಟ್ಟ ಮನೆಗಳು. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಖಚಿತ ಪಟ್ಟಿಗೆ ಸೇರಿಸಿತು. ಆಸ್ಪತ್ರೆ ಬಿಲ್ ಕಟ್ಟುವವನು ನಿಮ್ಮ ಅಡಿಕೆ ಕಳಿಸಿದವನೂ ಅಲ್ಲ, ತರಿಸಿಕೊಂಡವನೂ ಅಲ್ಲ. ಆ ಖರ್ಚಿನ ಒಂದು ಭಾಗವನ್ನಾದರೂ ಬಾಡಿಗೆಯೊಳಗೆ ತರೋಣ ಎನ್ನುವುದೇ ಇಂಥ ಶುಲ್ಕಗಳ ಹಿಂದಿರುವ ವಿಚಾರ.

“ಡೀಸೆಲ್ ತೆರಿಗೆಯಲ್ಲೇ ಅದನ್ನು ಕಟ್ಟುತ್ತಿದ್ದೀವಲ್ಲ” ಅಂತ ನೀವು ಕೇಳುತ್ತೀರಿ. ಅರ್ಧ ಸರಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹಳೇ ಲಾರಿ, ಹೊಸ ಲಾರಿ, ಶಿವಮೊಗ್ಗ, ದೆಹಲಿ, ಎಲ್ಲಿ ಉರಿದರೂ ಅಷ್ಟೇ. ಹಾಗಾಗಿ ಭೂಮಿ ಬಿಸಿಯಾಗುವ ಲೆಕ್ಕಕ್ಕೆ ಬಂಕ್‌ನಲ್ಲಿ ಕಟ್ಟುವ ತೆರಿಗೆಯೇ ಸಾಕು, ಅದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಮಸಿಯ ಕಥೆ ಹಾಗಲ್ಲ. ಅದೇ ಒಂದು ಲೀಟರ್ ಎರಡು ಎಂಜಿನ್‌ಗಳಲ್ಲಿ ಹತ್ತು ಪಟ್ಟು ವ್ಯತ್ಯಾಸದ ಹೊಗೆ ಕೊಡುತ್ತದೆ. ತುಂಬಿದ ಊರಿನ ನಡುವೆ ಉರಿದರೆ ಲಕ್ಷಾಂತರ ಜನ ಉಸಿರಾಡುತ್ತಾರೆ, ಚಿತ್ರದುರ್ಗದಾಚೆಯ ಬಯಲಿನಲ್ಲಿ ಉರಿದರೆ ಅಷ್ಟು ಜನ ಇಲ್ಲ. ಹಗಲಿನ ಶಬ್ದ ಬೇರೆ, ರಾತ್ರಿ ಎರಡು ಗಂಟೆಯ ಶಬ್ದ ಬೇರೆ. ಇದ್ಯಾವುದೂ ಡೀಸೆಲ್ ಪಂಪಿಗೆ ಗೊತ್ತಾಗುವುದಿಲ್ಲ. ಯಾವ ಲಾರಿ, ಯಾವ ದಾರಿಯಲ್ಲಿ, ಎಷ್ಟು ದೂರ ಓಡಿತು ಎನ್ನುವುದು ಟೋಲ್‌ಗೆ ಮಾತ್ರ ಗೊತ್ತು.

ರಸ್ತೆ ಸವೆತವೂ ಹೀಗೆಯೇ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಯಲ್ಲಿ ಪ್ರಯೋಗಕ್ಕೆಂದೇ ರಸ್ತೆ ಕಟ್ಟಿ, ಲಾರಿಗಳನ್ನು ಎರಡು ವರ್ಷ ಓಡಿಸಿ ನೋಡಿದರು. ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರ ಏರಿದಂತೆ ಸವೆತ ಅದರ ನಾಲ್ಕನೇ ಘಾತದಷ್ಟು ಏರುತ್ತದೆ ಅಂತ ಗೊತ್ತಾಯಿತು. ಶೇ. 20 ಓವರ್‌ಲೋಡ್ ಹಾಕಿದರೆ ಸವೆತ ಎರಡು ಪಟ್ಟು. ನಮ್ಮಲ್ಲಿ 2018ರಲ್ಲಿ ನಾಲ್ಕು ಟಯರಿನ ಆಕ್ಸಲ್‌ಗೆ 10.2 ಟನ್ ಇದ್ದದ್ದನ್ನು 11.5 ಟನ್‌ಗೆ ಏರಿಸಿದರು. ಲೋಡ್ ಸ್ವಲ್ಪ ಜಾಸ್ತಿ ಆಯಿತು ಅಂತ ನಿಮಗೆಲ್ಲ ಖುಷಿಯಾಯಿತು. ಈ ಲೆಕ್ಕದಲ್ಲಿ ಆ ಆಕ್ಸಲ್‌ನ ಸವೆತ ಶೇ. 60ರಷ್ಟು ಏರಿತು. ಕಾರಿನವರು ಈ ಸಾಲು ಓದಿ ನಮಗೆ ಟೋಲ್ ಮಾಫಿ ಮಾಡಿ ಅಂತ ಹೊರಡಬೇಡಿ. ಆರು ಲೇನ್ ಬೇಕಾಗುವುದು ಕಾರುಗಳ ದಟ್ಟಣೆಗೂ ಹೌದು.

ಇನ್ನು ನಿಮ್ಮ ಭಾವಮೈದನ ಊರಿಗೆ ಹೋಗೋಣ. ಜರ್ಮನಿ 2005ರ ಜನವರಿ 1ರಿಂದ ಲಾರಿಗಳಿಗೆ ಕಿಲೋಮೀಟರ್ ಟೋಲ್ ಶುರು ಮಾಡಿತು. ಅಲ್ಲಿ ಗೇಟ್ ಇಲ್ಲ, ಸಾಲು ಇಲ್ಲ. ಲಾರಿಯೊಳಗಿನ ಪುಟ್ಟ ಪೆಟ್ಟಿಗೆ ಉಪಗ್ರಹದ ಸಹಾಯದಿಂದ ದೂರ ಅಳೆಯುತ್ತದೆ, ಆಮೇಲೆ ಬಿಲ್ ಬರುತ್ತದೆ. ನಿಜಕ್ಕೂ 2003ರಲ್ಲೇ ಶುರುವಾಗಬೇಕಿತ್ತು. ಪೆಟ್ಟಿಗೆಗಳು ಸರಿಯಾಗಿ ಕೆಲಸ ಮಾಡಲಿಲ್ಲ, ಒಂದೂವರೆ ವರ್ಷ ಹಾಗೇ ಹೋಯಿತು. ತಪ್ಪಿಹೋದ ಆದಾಯಕ್ಕಾಗಿ ಸರ್ಕಾರವೂ ಗುತ್ತಿಗೆ ಕಂಪನಿಗಳೂ ಜಗಳಕ್ಕೆ ಬಿದ್ದು, ಕೊನೆಗೆ 2018ರಲ್ಲಿ ಸುಮಾರು 320 ಕೋಟಿ ಯೂರೋಗೆ ರಾಜಿಯಾದರು. ಟೋಲ್ ಯಂತ್ರ ಕೈಕೊಡುವುದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ.

ಅಲ್ಲಿ ನನಗೆ ಇಷ್ಟವಾಗಿದ್ದು ಪೆಟ್ಟಿಗೆ ಅಲ್ಲ, ದರಪಟ್ಟಿ. ಮೊದಲ ದಿನದಿಂದಲೇ ದರ ಎಂಜಿನ್ ನೋಡಿ. ನಮ್ಮ ಬಿಎಸ್ ಇದ್ದ ಹಾಗೆ ಅವರದು ಯೂರೋ ದರ್ಜೆ. ಹಳೇ ಎಂಜಿನ್‌ಗೆ ಜಾಸ್ತಿ, ಹೊಸದಕ್ಕೆ ಕಡಿಮೆ. ವರ್ಷಕ್ಕೆ ಲಕ್ಷ ಕಿಲೋಮೀಟರ್ ಓಡಿಸುವವನಿಗೆ ಕಿಲೋಮೀಟರಿಗೆ ಎರಡು ಮೂರು ಸೆಂಟ್ ವ್ಯತ್ಯಾಸ ಅಂದರೆ ವರ್ಷಕ್ಕೆ ಎರಡು ಮೂರು ಸಾವಿರ ಯೂರೋ. ಹೊಸ ಲಾರಿಯ ಕಂತಿಗೆ ಅದು ಒಳ್ಳೆಯ ಆಸರೆ. ಶುರುವಿನಲ್ಲಿ ಯೂರೋ-5 ಲಾರಿಗಳು ಬೆರಳೆಣಿಕೆಯಷ್ಟು ಇದ್ದವು. ಆರೇಳು ವರ್ಷಗಳಲ್ಲಿ ಟೋಲ್ ರಸ್ತೆಗಳ ಮೇಲೆ ಅವುಗಳದೇ ದೊಡ್ಡ ಪಾಲಾಯಿತು. ಹಳೇ ಲಾರಿಯವನನ್ನು ಯಾರೂ ಗಡಿಯಲ್ಲಿ ತಡೆಯಲಿಲ್ಲ. ಅವನೇ ಪೆನ್ನು ಹಿಡಿದು ಲೆಕ್ಕ ಹಾಕಿ ಬದಲಾಯಿಸಿದ.

ಕಾನೂನು ಒಂದೊಂದೇ ಮೆಟ್ಟಿಲು ಏರಿದೆ. ಯೂರೋಪಿನ ಲಾರಿ ಟೋಲ್‌ಗೆಲ್ಲ ತಾಯಿಬೇರು 1999ರ ಯೂರೋವಿನ್ಯೆಟ್ ನಿರ್ದೇಶನ, ಅಂದರೆ ಯೂರೋಪಿಯನ್ ಒಕ್ಕೂಟ ತನ್ನ ದೇಶಗಳಿಗೆ ಹಾಕಿಕೊಟ್ಟ ಕಟ್ಟಳೆ. ಅದರ ಪ್ರಕಾರ ರಸ್ತೆಗೆ ಮಾಡಿದ ಖರ್ಚನ್ನು ಮಾತ್ರ ವಸೂಲಿ ಮಾಡಬಹುದಿತ್ತು. ಹೊಗೆ, ಶಬ್ದದ ಖರ್ಚನ್ನೂ ಸೇರಿಸಬಹುದು ಅಂತ ಒಪ್ಪಿದ್ದು 2011ರ ತಿದ್ದುಪಡಿಯಲ್ಲಿ. 2022ರಲ್ಲಿ ಇನ್ನೊಂದು ತಿದ್ದುಪಡಿ ಬಂದು ಇಂಗಾಲದ ಲೆಕ್ಕವೂ ಟೋಲ್‌ನೊಳಗೆ ಬಂತು. ಜರ್ಮನಿ ಅದನ್ನು 2023ರ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ 200 ಯೂರೋ ಬೆಲೆ ಕಟ್ಟಿದರು. ಇದು ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಹಾಕಿ ನೋಡಬಹುದು. ಅಲ್ಲಿನ 40 ಟನ್ ಲಾರಿ ನೂರು ಕಿಲೋಮೀಟರಿಗೆ ಸುಮಾರು 30 ಲೀಟರ್ ಕುಡಿಯುತ್ತದೆ. ಅಂದರೆ ಕಿಲೋಮೀಟರಿಗೆ 0.3 ಲೀಟರ್, 0.8 ಕಿಲೋ ಇಂಗಾಲದ ಡೈಆಕ್ಸೈಡ್. 200 ಯೂರೋ ದರದಲ್ಲಿ 16 ಸೆಂಟ್. ಕಿಲೋಮೀಟರಿಗೆ ಸುಮಾರು 19 ಸೆಂಟ್ ಕಟ್ಟುತ್ತಿದ್ದ ಯೂರೋ-6 ಲಾರಿ ರಾತ್ರೋರಾತ್ರಿ 35 ಸೆಂಟ್ ಕಟ್ಟಬೇಕಾಯಿತು.

ಯಾಕೆ ಇಷ್ಟು ಜೋರು? ಹೊಗೆಯ ದರ ಕೆಲಸ ಮುಗಿಸಿತ್ತು. ಹೆಚ್ಚುಕಡಿಮೆ ಎಲ್ಲರೂ ಯೂರೋ-6 ಆದಮೇಲೆ ಅದರಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಇನ್ನು ಮುಂದಿನ ಹೆಜ್ಜೆ ಬ್ಯಾಟರಿ ಲಾರಿ. ಅದಕ್ಕೆ ಅಲ್ಲಿ ಸದ್ಯಕ್ಕೆ ಟೋಲ್ ಪೂರ್ತಿ ಮಾಫಿ. ಲಕ್ಷ ಕಿಲೋಮೀಟರ್ ಓಡಿದರೆ ಡೀಸೆಲ್ ಲಾರಿ 35 ಸಾವಿರ ಯೂರೋ ಕಟ್ಟುತ್ತದೆ, ಬ್ಯಾಟರಿ ಲಾರಿ ಸೊನ್ನೆ. ದುಬಾರಿ ಬ್ಯಾಟರಿ ಲಾರಿಯನ್ನು ಅಲ್ಲಿನ ಮಾಲೀಕರು ಯಾಕೆ ಕೊಳ್ಳುತ್ತಿದ್ದಾರೆ ಅಂತ ಆಶ್ಚರ್ಯಪಡಬೇಕಿಲ್ಲ.

ಇಂಗಾಲಕ್ಕೆ ಡೀಸೆಲ್ ತೆರಿಗೆಯೇ ಸಾಕು ಅಂತ ನಾನೇ ಮೇಲೆ ಹೇಳಿದೆ. ಹಾಗಿದ್ದರೆ ಜರ್ಮನಿ ಟೋಲ್‌ಗೆ ಯಾಕೆ ಸೇರಿಸಿತು? ಎಲ್ಲಿ ಅಗ್ಗವೋ ಅಲ್ಲಿ ಟ್ಯಾಂಕ್ ತುಂಬಿಸುವುದನ್ನು ಲಾರಿಯವರಿಗೆ ಯಾರಾದರೂ ಹೇಳಿಕೊಡಬೇಕಾ? ಅಲ್ಲಿನ ದೂರದ ಲಾರಿಗಳ ಟ್ಯಾಂಕ್ ಸಾವಿರ ಲೀಟರಿನದು. ಲಕ್ಸೆಂಬರ್ಗ್‌ನಲ್ಲಿ ತುಂಬಿಸಿಕೊಂಡು ಒಂದು ಹನಿಯೂ ಕೊಳ್ಳದೆ ಜರ್ಮನಿ ದಾಟಬಹುದು. ಡೀಸೆಲ್ ತೆರಿಗೆ ತಪ್ಪಿಸಿಕೊಳ್ಳಬಹುದು, ರಸ್ತೆಯನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಆದರೂ ಅಲ್ಲಿನ ಲಾರಿ ಮಾಲೀಕರು, ಡೀಸೆಲ್‌ನಲ್ಲಿ ಒಮ್ಮೆ ಇಂಗಾಲದ ದುಡ್ಡು ಕಟ್ಟುತ್ತೇವೆ, ಟೋಲ್‌ನಲ್ಲಿ ಮತ್ತೊಮ್ಮೆ ಕಟ್ಟಿಸಿಕೊಳ್ಳುತ್ತೀರಿ ಅಂತ ಗಲಾಟೆ ಮಾಡಿದರು. 2024ರ ಜನವರಿಯಲ್ಲಿ ರೈತರ ಟ್ರಾಕ್ಟರ್‌ಗಳ ಜೊತೆ ಬರ್ಲಿನ್‌ನ ಬೀದಿಗೂ ಬಂದರು. ನನ್ನ ಪ್ರಕಾರ ಅವರ ಮಾತಿನಲ್ಲಿ ಹುರುಳಿದೆ.

ಸಂದಿ ಇದ್ದಲ್ಲಿ ನುಸುಳುವುದೂ ಎಲ್ಲ ಕಡೆ ಒಂದೇ ಥರ. ಮೊದಲು 12 ಟನ್ ಮತ್ತು ಅದಕ್ಕೂ ಮೇಲಿನ ಲಾರಿಗಳಿಗೆ ಮಾತ್ರ ಟೋಲ್ ಇತ್ತು. ಕೂಡಲೇ 12 ಟನ್‌ಗಿಂತ ಕೂದಲೆಳೆಯಷ್ಟು ಕಡಿಮೆ ಪಾಸಿಂಗ್ ಇರುವ ಲಾರಿಗಳ ಮಾರಾಟ ಏರಿತು. 2015ರಲ್ಲಿ ಮಿತಿಯನ್ನು 7.5 ಟನ್‌ಗೆ ಇಳಿಸಿದರು, 2024ರ ಜುಲೈನಲ್ಲಿ 3.5 ಟನ್‌ಗೆ. ಬಡಗಿ, ಪ್ಲಂಬರ್‌ಗಳಂಥ ಕಸುಬಿನವರ ಸಣ್ಣ ಗಾಡಿಗೆ ಮಾತ್ರ ವಿನಾಯಿತಿ ಕೊಟ್ಟರು. ಹೆದ್ದಾರಿ ಬಿಟ್ಟು ಪಕ್ಕದ ರಸ್ತೆ ಹಿಡಿಯುವವರು ಜಾಸ್ತಿಯಾದಾಗ 2018ರಲ್ಲಿ ಆ ರಸ್ತೆಗಳಿಗೂ ಟೋಲ್ ಹಾಕಿದರು. ಇನ್ನು ಕೆಲವರು ಆಡ್‌ಬ್ಲೂ ಉಳಿಸಲು ಎಂಜಿನ್ ಕಂಪ್ಯೂಟರ್‌ಗೆ ಸುಳ್ಳು ಹೇಳುವ ಪುಟ್ಟ ಪೆಟ್ಟಿಗೆ ಸಿಕ್ಕಿಸಿಕೊಂಡರು. ಕಾಗದದಲ್ಲಿ ಯೂರೋ-6, ಬಾಲದಲ್ಲಿ ಹಳೇ ಹೊಗೆ. ಕಡಿಮೆ ದರ ಕೊಡುವ ಯಾವ ಪದ್ಧತಿಗೂ ದಾರಿಯಲ್ಲಿ ನಿಲ್ಲಿಸಿ ಹೊಗೆ ಅಳೆಯುವ ಮಂದಿ ಬೇಕೇ ಬೇಕು.

ಆದರೆ ಈ ಇಡೀ ವಿಷಯದಲ್ಲಿ ನನ್ನ ಮೆಚ್ಚಿನ ಉದಾಹರಣೆ ಜರ್ಮನಿಯಲ್ಲ, ಸ್ವಿಟ್ಜರ್‌ಲೆಂಡ್. ಅಲ್ಲಿನ ಕಥೆ ವ್ಯಾಪಾರದ ಚೌಕಾಸಿಯಿಂದ ಶುರುವಾಯಿತು. ಸ್ವಿಸ್ ದೇಶದೊಳಗೆ 28 ಟನ್‌ಗಿಂತ ಭಾರದ ಲಾರಿ ಬಿಡುತ್ತಿರಲಿಲ್ಲ. ಸುತ್ತಲಿನ ಯೂರೋಪಿನದು 40 ಟನ್ ಲಾರಿ. ಇಟಲಿಗೆ ಹೋಗುವ ಆಲ್ಪ್ಸ್ ದಾರಿ ತೆರೆಯಿರಿ ಅಂತ ಯೂರೋಪಿನ ಒತ್ತಾಯ. ಕಣಿವೆಯ ಊರಿನವರಿಗೆ ಲಾರಿಯ ಹೆಸರು ಕೇಳಿದರೆ ಆಗುತ್ತಿರಲಿಲ್ಲ. ಕಿರಿದಾದ ಕಣಿವೆಯಲ್ಲಿ ಹೊಗೆ ಚದುರುವುದಿಲ್ಲ, ಶಬ್ದ ಎರಡೂ ಬದಿಯ ಗುಡ್ಡಕ್ಕೆ ಬಡಿದು ಮೇಲೇರುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಸ್ವಿಸ್ ಸರ್ಕಾರ ಒಂದು ಮಾತು ಹೇಳಿತು. ನಿಮ್ಮ 40 ಟನ್ ಬರಲಿ, ಆದರೆ ಓಡಿದ ಪ್ರತಿ ಕಿಲೋಮೀಟರಿಗೆ, ಪ್ರತಿ ಟನ್‌ಗೆ, ಎಂಜಿನ್ ದರ್ಜೆ ನೋಡಿ ದುಡ್ಡು ಕೊಡಿ. ಆ ದುಡ್ಡಲ್ಲಿ ನಾವು ರೈಲು ಸುರಂಗ ಕೊರೆಯುತ್ತೇವೆ.

ಇದನ್ನು ಅವರು ಸುತ್ತೋಲೆ ಹೊರಡಿಸಿ ಜಾರಿ ಮಾಡಲಿಲ್ಲ. ಜನರ ಮುಂದಿಟ್ಟರು. 1994ರಲ್ಲಿ ತತ್ವಕ್ಕೆ ಒಪ್ಪಿಗೆ ಕೇಳಿ ಒಂದು ಮತದಾನ, 1998ರ ಸೆಪ್ಟೆಂಬರ್‌ನಲ್ಲಿ ಕಾನೂನಿಗೆ ಇನ್ನೊಂದು. ಎರಡನೆಯದರಲ್ಲಿ ಶೇ. 57ರಷ್ಟು ಜನ ಹೌದು ಅಂದರು. 2001ರ ಜನವರಿ 1ರಿಂದ ಶುರು. ಅದೇ ವರ್ಷ ಭಾರದ ಮಿತಿ 34 ಟನ್, 2005ರಲ್ಲಿ 40 ಟನ್. 3.5 ಟನ್ ದಾಟಿದ ಲಾರಿಗೆ ಎಲ್ಲ ರಸ್ತೆಯಲ್ಲೂ ಶುಲ್ಕ, ಹಳ್ಳಿ ರಸ್ತೆಯಲ್ಲೂ. ಹಾಗಾಗಿ ಪಕ್ಕದ ದಾರಿಗೆ ನುಗ್ಗಿ ಪ್ರಯೋಜನ ಇಲ್ಲ. ಬಾಸೆಲ್‌ನಿಂದ ಇಟಲಿ ಗಡಿಯ ಕಿಯಾಸ್ಸೋಗೆ 300 ಕಿಲೋಮೀಟರ್ ದಾಟುವ 40 ಟನ್ ಲಾರಿ ಹೆಚ್ಚುಕಡಿಮೆ 300 ಫ್ರಾಂಕ್ ಕಟ್ಟುತ್ತದೆ. ನಮ್ಮ ದುಡ್ಡಲ್ಲಿ ಸುಮಾರು 30 ಸಾವಿರ ರೂಪಾಯಿ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಷ್ಟು ದೂರಕ್ಕೆ!

ನಿಮ್ಮಂಥ ಲಾರಿ ಮಾಲೀಕರಿಗೆ ಇದರಲ್ಲಿ ಒಂದು ಸೂಕ್ಷ್ಮ ಕಾಣಬೇಕು. ಶುಲ್ಕ ಹಾಕುವುದು ಒಳಗಿರುವ ಲೋಡಿನ ಮೇಲಲ್ಲ, ಆರ್‌ಸಿಯಲ್ಲಿರುವ ಪೂರ್ತಿ ಭಾರದ ಮೇಲೆ. ಅಂದರೆ ಖಾಲಿ ಗಾಡಿ ಓಡಿಸಿದರೂ ಅಷ್ಟೇ ದುಡ್ಡು. ಅಲ್ಲಿನ ಕಂಪನಿಗಳು ರಿಟರ್ನ್ ಲೋಡ್ ಇಲ್ಲದೆ ಗಾಡಿ ಎತ್ತುವುದನ್ನು ಆದಷ್ಟು ಕಡಿಮೆ ಮಾಡಿದವು. ಲೋಡಿಗೆ ತಕ್ಕ ಗಾತ್ರದ ಗಾಡಿ ಕಳಿಸತೊಡಗಿದವು. ಶುಲ್ಕಕ್ಕೆ ಮೊದಲು ವರ್ಷವರ್ಷವೂ ಏರುತ್ತಿದ್ದ ಲಾರಿ ಓಡಾಟ ಆಮೇಲೆ ತಗ್ಗಿತು. ಒಂದಿಷ್ಟು ಪಾಲು ಭಾರದ ಮಿತಿ ಏರಿದ್ದರಿಂದ ಅಂತಲೂ ಸೇರಿಸಿ ಹೇಳಬೇಕು, ಒಂದೇ ಟ್ರಿಪ್ಪಿನಲ್ಲಿ ಜಾಸ್ತಿ ಮಾಲು ಹೋಗುತ್ತದಲ್ಲ.

ದುಡ್ಡಿನಲ್ಲಿ ಮೂರನೇ ಒಂದು ಭಾಗ ಅಲ್ಲಿನ ರಾಜ್ಯಗಳಿಗೆ. ಮೂರನೇ ಎರಡು ಭಾಗ ಕೇಂದ್ರಕ್ಕೆ, ಅದರಲ್ಲಿ ಬಹುಪಾಲು ರೈಲಿಗೆ. 57 ಕಿಲೋಮೀಟರ್ ಉದ್ದದ ಗೋಟ್‌ಹಾರ್ಡ್ ತಳ ಸುರಂಗ 2016ರ ಜೂನ್ 1ರಂದು ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಉದ್ದದ ರೈಲು ಸುರಂಗ. ಅದರ ಬಿಲ್ಲಿನಲ್ಲಿ ದೊಡ್ಡ ಪಾಲು ಕಟ್ಟಿದವರು ಲಾರಿಯವರು. ಇವತ್ತು ಸ್ವಿಸ್ ಆಲ್ಪ್ಸ್ ದಾಟುವ ಸರಕಿನಲ್ಲಿ ಸುಮಾರು ಶೇ. 70 ರೈಲಿನಲ್ಲಿ ಹೋಗುತ್ತದೆ. ಪಕ್ಕದ ಆಸ್ಟ್ರಿಯಾದ ಬ್ರೆನ್ನರ್ ಕಣಿವೆಯಲ್ಲಿ ರಸ್ತೆ ಅಗ್ಗ, ಅಲ್ಲಿ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಲಾರಿ ದಾಟುತ್ತವೆ. ಇಡೀ ಸ್ವಿಸ್ ಆಲ್ಪ್ಸ್‌ನಲ್ಲಿ 2000ದಲ್ಲಿ 14 ಲಕ್ಷ ಇದ್ದದ್ದು ಈಗ ಒಂಬತ್ತು ಲಕ್ಷದ ಆಸುಪಾಸು. ಅವರು ಕಾನೂನಿನಲ್ಲಿ ಬರೆದುಕೊಂಡ ಗುರಿ ಆರೂವರೆ ಲಕ್ಷ. ಅದನ್ನು ಇನ್ನೂ ಮುಟ್ಟಿಲ್ಲ. ಸ್ವಿಸ್ ಸುರಂಗ ತಯಾರಾದರೂ ಅದಕ್ಕೆ ಸೇರುವ ಜರ್ಮನಿಯ ಹಳಿ ತಯಾರಿಲ್ಲ. 2017ರ ಆಗಸ್ಟ್‌ನಲ್ಲಿ ರಾಸ್ಟಾಟ್ ಎಂಬಲ್ಲಿ ಹೊಸ ಸುರಂಗ ಕೊರೆಯುವಾಗ ಮೇಲಿದ್ದ ಹಳೇ ಹಳಿಯೇ ಕುಸಿದು, ಏಳು ವಾರ ಸಂಚಾರ ನಿಂತಿತು. ಆಗ ಒಂದಿಷ್ಟು ಸರಕು ಮತ್ತೆ ಲಾರಿಗೇ ಬಂತು.

ಲಾರಿಯನ್ನೇ ರೈಲಿನ ಮೇಲೆ ಹತ್ತಿಸುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಕೊಂಕಣ ರೈಲ್ವೆ 1999ರಿಂದಲೇ ರೋ-ರೋ ನಡೆಸುತ್ತಿದೆ. ಸುರತ್ಕಲ್‌ನಲ್ಲಿ ಹತ್ತಿದ ಲಾರಿ ಮಹಾರಾಷ್ಟ್ರದ ಕೊಲಾಡ್‌ನಲ್ಲಿ ಇಳಿಯುತ್ತದೆ, ಡ್ರೈವರ್ ಕ್ಯಾಬಿನ್‌ನಲ್ಲೇ ಕಾಲು ಚಾಚಿ ಮಲಗಬಹುದು. ಅಲ್ಲಿ ಯಾರೂ ಶುಲ್ಕದ ಹೆದರಿಕೆಗೆ ಹತ್ತುವುದಿಲ್ಲ. ಡೀಸೆಲ್, ಟಯರ್ ಉಳಿಯುತ್ತದೆ ಅಂತ ಹತ್ತುತ್ತಾರೆ.

ಕೆಟ್ಟ ಉದಾಹರಣೆಯೂ ಬೇಕಲ್ಲ, ಅದು ಫ್ರಾನ್ಸ್. ಜರ್ಮನಿ 2005ರಲ್ಲಿ ಟೋಲ್ ಹಾಕಿದ ಕೂಡಲೇ ರೈನ್ ನದಿಯ ಆಚೆ ದಡದ ಆಲ್ಸಾಸ್‌ನಲ್ಲಿ ಲಾರಿಗಳ ಕಾಟ ಶುರುವಾಯಿತು, ಯಾಕೆಂದರೆ ಅಲ್ಲಿನ ಹೆದ್ದಾರಿ ಫ್ರೀ. ಆಲ್ಸಾಸಿನವರು ನಮಗೂ ಟೋಲ್ ಬೇಕು ಅಂದರು. ಪ್ಯಾರಿಸ್‌ನವರು ಅದನ್ನು ಇಡೀ ದೇಶಕ್ಕೆ ಹಿಗ್ಗಿಸಿ, ರಸ್ತೆಗಳ ಮೇಲೆ ಕ್ಯಾಮೆರಾ ಕಮಾನು ನಿಲ್ಲಿಸಿ, ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟರು. ದೇಶದ ಇನ್ನೊಂದು ತುದಿ ಬ್ರಿಟನಿ. ಸಮುದ್ರಕ್ಕೆ ಚಾಚಿದ ಆ ಪ್ರಾಂತ್ಯದ ಹಂದಿ ಮಾಂಸ, ಕೋಸು, ಮೀನು ಎಲ್ಲ ಲಾರಿಯಲ್ಲೇ ದೂರದ ಪೇಟೆಗೆ ಹೋಗಬೇಕು. ಟೋಲ್ ಇಲ್ಲದ ರಸ್ತೆ ಅವರಿಗೆ ಹಕ್ಕಿನ ಹಾಗೆ. 2013ರ ಅಕ್ಟೋಬರ್‌ನಲ್ಲಿ ರೈತರು, ಕಾರ್ಖಾನೆ ಕೆಲಸಗಾರರು, ಲಾರಿಯವರು ಕೆಂಪು ಟೋಪಿ ಹಾಕಿಕೊಂಡು ಬೀದಿಗಿಳಿದರು. 1675ರಲ್ಲಿ 14ನೇ ಲೂಯಿಯ ತೆರಿಗೆಯ ವಿರುದ್ಧ ಅಲ್ಲಿ ನಡೆದ ದಂಗೆಯ ಗುರುತು ಆ ಟೋಪಿ. ಕಮಾನುಗಳಿಗೆ ಬೆಂಕಿ ಬಿತ್ತು. ಪ್ರಧಾನಿ ಎರೋ ಅದೇ ತಿಂಗಳು ಶುಲ್ಕವನ್ನು ತಡೆಹಿಡಿದರು, ಮರುವರ್ಷ ಗುತ್ತಿಗೆಯೇ ರದ್ದಾಯಿತು. ಒಂದು ಯೂರೋ ವಸೂಲಿ ಆಗಲಿಲ್ಲ, ಪರಿಹಾರ ಮತ್ತಿತರ ಖರ್ಚೆಂದು ಸರ್ಕಾರದ ಕೈಯಿಂದ ಹೋದದ್ದು ಸುಮಾರು 100 ಕೋಟಿ ಯೂರೋ.

ಬ್ರಿಟನಿಯವರಿಗೆ ಹೊಗೆ ಇಷ್ಟ ಅಂತಲ್ಲ. ದುಡ್ಡು ಹೋಗುವುದು ಕಾಣುತ್ತಿತ್ತು, ಅದರಿಂದ ತಮ್ಮ ಕಡೆಗೆ ಏನು ಬರುತ್ತದೆ ಎನ್ನುವುದು ಕಾಣಲಿಲ್ಲ. ಸ್ವಿಸ್ ಲಾರಿಯವನು ಸುರಂಗವನ್ನು ಕಣ್ಣಾರೆ ನೋಡಬಹುದು.

ಇನ್ನು ದೆಹಲಿ. 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪರಿಸರ ಪರಿಹಾರ ಶುಲ್ಕವನ್ನು ಹಾಕಿದಾಗ ಅದರ ಉದ್ದೇಶ ತುಂಬ ನಿರ್ದಿಷ್ಟವಾಗಿತ್ತು. ಹರಿಯಾಣದಿಂದ ಉತ್ತರ ಪ್ರದೇಶಕ್ಕೆ ಹೋಗುವ, ದೆಹಲಿಯಲ್ಲಿ ಯಾವ ಕೆಲಸವೂ ಇಲ್ಲದ ಲಾರಿಗಳು ರಾತ್ರಿ ಊರಿನ ನಡುವಿನಿಂದಲೇ ದಾಟುತ್ತಿದ್ದವು. ಸುತ್ತು ದಾರಿಯಲ್ಲಿ ಟೋಲ್ ಜಾಸ್ತಿ, ದೆಹಲಿ ಒಳಗಿನ ದಾರಿ ಅಗ್ಗ. ಆ ಅಗ್ಗವನ್ನು ತೆಗೆದುಹಾಕಬೇಕಿತ್ತು. ಸಣ್ಣ ಸರಕು ಗಾಡಿ ಮತ್ತು ಎರಡು ಆಕ್ಸಲ್ ಲಾರಿಗೆ 700 ರೂಪಾಯಿ, ಮೂರು ಆಕ್ಸಲ್ ಮತ್ತು ಅದಕ್ಕಿಂತ ದೊಡ್ಡದಕ್ಕೆ 1,300 ರೂಪಾಯಿ. ಡಿಸೆಂಬರ್‌ನಲ್ಲಿ ಎರಡನ್ನೂ ದುಪ್ಪಟ್ಟು ಮಾಡಿದರು. ಆಹಾರ ಪದಾರ್ಥದಂಥ ಅವಶ್ಯ ವಸ್ತುಗಳ ಗಾಡಿಗೆ ಆಗ ವಿನಾಯಿತಿ ಇತ್ತು. ಅಡಿಕೆ ಇಲ್ಲದೆ ಮಾತೇ ಹೊರಡದವರು ನಮ್ಮಲ್ಲಿ ಎಷ್ಟೋ ಜನ. ಆದರೆ ಕೋರ್ಟಿನ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ದಾಟಿಹೋಗುವ ಲಾರಿಗೆ ಇದು ಸರಿಯಾದ ಮದ್ದು. 2018ರಲ್ಲಿ ಪೂರ್ವ ಮತ್ತು ಪಶ್ಚಿಮದ ಹೊರವರ್ತುಲ ಎಕ್ಸ್‌ಪ್ರೆಸ್‌ವೇಗಳೂ ತೆರೆದಮೇಲೆ ಬೇರೆ ದಾರಿಯೂ ಇತ್ತು. ಆದರೆ ನಿಮ್ಮ ಲಾರಿ ದಾಟಿಹೋಗುವುದಲ್ಲ, ಅಲ್ಲೇ ಇಳಿಸುವುದು. ನಿಮಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಹೊಸ ಲಾರಿ ತೆಗೆದುಕೊಂಡರೂ ಒಂದು ರೂಪಾಯಿ ಕಡಿಮೆ ಆಗುವುದಿಲ್ಲ. ದರ ನಿಂತಿದ್ದು ಆಕ್ಸಲ್ ಎಣಿಕೆಯ ಮೇಲೆ, ಹೊಗೆಯ ಮೇಲಲ್ಲ. 2005 ಅಥವಾ ಅದಕ್ಕೂ ಹಿಂದೆ ನೋಂದಣಿಯಾದ ಲಾರಿ ಬರಲೇಬಾರದು ಅಂತ ಕೋರ್ಟ್ ಆಗ ಹೇಳಿತ್ತು. ವಯಸ್ಸು ನೋಡಿದ್ದು ಅಷ್ಟೇ. ಆಮೇಲೆ 2025ರ ನವೆಂಬರ್ 1ರಿಂದ ಹೊರರಾಜ್ಯದ ಬಿಎಸ್-3 ಸರಕು ಗಾಡಿಗಳಿಗೆ ಬಾಗಿಲು ಬಂದ್. ಬಿಎಸ್-4ಕ್ಕೆ ಒಂದು ವರ್ಷದ ಗಡುವು. ಹತ್ತು ವರ್ಷ ಹೊಸದಕ್ಕೂ ಹಳೆಯದಕ್ಕೂ ಒಂದೇ ದರ ಇಟ್ಟು, ಆಮೇಲೆ ಒಂದು ಬೆಳಿಗ್ಗೆ ಗೋಡೆ ಕಟ್ಟಿದ ಹಾಗಾಯಿತು. 2015ರಲ್ಲೇ ಬಿಎಸ್ ನೋಡಿ ದರ ಹಾಕಿ, ವರ್ಷವರ್ಷ ಹಳೆಯದಕ್ಕೆ ಸ್ವಲ್ಪ ಏರಿಸುತ್ತ ಬಂದಿದ್ದರೆ ನೀವು ನಿಮ್ಮ ಹಳೇ ಲಾರಿಯನ್ನು ಯಾವಾಗಲೋ ಹತ್ತಿರದ ಲೈನ್‌ಗೆ ಹಾಕಿರುತ್ತಿದ್ದಿರಿ, ಅಲ್ವಾ? ಗಾಡಿಗೆ ಒಳ್ಳೆ ರೇಟು ಸಿಗುವಾಗಲೇ.

ಹೆದ್ದಾರಿ ಟೋಲ್‌ನಲ್ಲೂ ಇದೇ ಕೊರತೆ. ರಾಷ್ಟ್ರೀಯ ಹೆದ್ದಾರಿಗಳ 2008ರ ಶುಲ್ಕ ನಿಯಮದಲ್ಲಿ ಮೂಲ ದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಬಸ್ಸು ಮತ್ತು ಲಾರಿಗೆ 2.20 ರೂಪಾಯಿ, ನಾಲ್ಕರಿಂದ ಆರು ಆಕ್ಸಲ್‌ಗೆ 3.45 ರೂಪಾಯಿ. ವರ್ಷವರ್ಷ ಏರುತ್ತ ಬಂದಿದೆ, ಆದರೆ ಲೆಕ್ಕದ ರೀತಿ ಅದೇ. ಬಿಎಸ್ ದರ್ಜೆಯ ಸುದ್ದಿಯೇ ಇಲ್ಲ. ಅಷ್ಟೇ ಅಲ್ಲ, ಆಕ್ಸಲ್ ಜಾಸ್ತಿಯಾದರೆ ಟೋಲ್ ಜಾಸ್ತಿ. ಅದೇ ಭಾರವನ್ನು ಹೆಚ್ಚು ಆಕ್ಸಲ್ ಮೇಲೆ ಹರಡಿದರೆ ರಸ್ತೆ ಸವೆಯುವುದು ಕಡಿಮೆ, ಮೇಲಿನ ನಾಲ್ಕನೇ ಘಾತದ ಲೆಕ್ಕ ನೆನಪಿಸಿಕೊಳ್ಳಿ. ರಸ್ತೆಗೆ ಒಳ್ಳೆಯದು ಮಾಡುವವನಿಗೆ ಜಾಸ್ತಿ ಬಿಲ್ಲು.

ತಂತ್ರಜ್ಞಾನ ಇಲ್ಲ ಅಂತ ಹೇಳುವ ಹಾಗಿಲ್ಲ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಟ್ಯಾಗ್‌ಗೆ ಗಾಡಿ ನಂಬರ್ ಜೋಡಿಸಿದೆ, ಆ ನಂಬರಿನ ಬಿಎಸ್ ದರ್ಜೆ ಸರ್ಕಾರದ ‘ವಾಹನ್’ ನೋಂದಣಿ ದಾಖಲೆಯಲ್ಲಿದೆ. ಎರಡನ್ನೂ ಜೋಡಿಸಿದರೆ ಗೇಟಿನಲ್ಲೇ ಬಿಎಸ್-6ಕ್ಕೆ ಕಡಿಮೆ ಕತ್ತರಿಸಬಹುದು. ಜರ್ಮನಿ 2003ರಲ್ಲಿ ಒದ್ದಾಡಿದ ಒದ್ದಾಟ ನಮಗೆ ಬೇಕಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಹೊಸ ಲಾರಿ ದೊಡ್ಡ ಕಂಪನಿಗಳ ಕೈಯಲ್ಲಿ, ಮೂರನೇ ಕೈಗೆ ಬಂದ ಹಳೇ ಲಾರಿ ಒಂದೇ ಗಾಡಿ ಇಟ್ಟುಕೊಂಡವನ ಕೈಯಲ್ಲಿ. ಹೊಗೆ ನೋಡಿ ದರ ಹಾಕಿದರೆ ಏಟು ಮೊದಲು ಬೀಳುವುದು ಅವನಿಗೆ. 2021ರ ಜನವರಿಯಲ್ಲಿ ಕೇಂದ್ರದ ಸಾರಿಗೆ ಇಲಾಖೆ, ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ರೋಡ್ ಟ್ಯಾಕ್ಸ್‌ನ ಶೇ. 10ರಿಂದ 25ರಷ್ಟು ಹಸಿರು ತೆರಿಗೆ ಹಾಕಬಹುದು ಅಂತ ರಾಜ್ಯಗಳಿಗೆ ಸೂಚಿಸಿತು. ನನಗೆ ಅದು ಒಪ್ಪಿಗೆ ಇಲ್ಲ. ತಿಂಗಳಿಗೆ ಎರಡು ಸಲ ಮರಳು ಹೊಡೆಯುವ ಹಳೇ ಲಾರಿಗೂ ದಿನಾ ನಾನೂರು ಕಿಲೋಮೀಟರ್ ಓಡುವ ಹಳೇ ಲಾರಿಗೂ ಒಂದೇ ತೆರಿಗೆ ಯಾವ ನ್ಯಾಯ? ಓಡಿದಷ್ಟು ಕಟ್ಟಲಿ. ಜರ್ಮನಿಯಲ್ಲಿ ಟೋಲ್ ದುಡ್ಡಿನ ಒಂದು ಪಾಲನ್ನು ಟಯರ್, ಸುರಕ್ಷತೆಯ ಸಲಕರಣೆ ಅಂತ ಲಾರಿ ಮಾಲೀಕರಿಗೇ ಸಹಾಯಧನವಾಗಿ ತಿರುಗಿಸಿದರು. ನಮ್ಮಲ್ಲಿ ಅದನ್ನೇ ಹಳೇ ಲಾರಿ ಗುಜರಿಗೆ ಕೊಟ್ಟು ಹೊಸದು ತರುವ ಒಂಟಿ ಮಾಲೀಕನ ಕಂತಿಗೆ ಕೊಡಬಹುದು. ಹಾಗೆ ಕೊಡುವುದನ್ನು ಮೊದಲು ಶುರು ಮಾಡಿ, ಶುಲ್ಕವನ್ನು ಆಮೇಲೆ ತಂದರೆ ಜನ ನಂಬುತ್ತಾರೆ.

ಕೊನೆಗೆ ನಿಮ್ಮ ಜೇಬಿನ ಮಾತು. ಹೊಸ ಲಾರಿಯಲ್ಲಿ 18 ಟನ್ ಅಡಿಕೆ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಹತ್ತು ಚಕ್ರದ ಲಾರಿ ಮೂರು ಆಕ್ಸಲ್‌ನದು. 2015ರ ಡಿಸೆಂಬರ್‌ನಲ್ಲಿ ದುಪ್ಪಟ್ಟಾದ 2,600 ರೂಪಾಯಿಯ ದರದಲ್ಲಿ ದೆಹಲಿ ಶುಲ್ಕ ಕಿಲೋಗೆ ಹದಿನಾಲ್ಕೂವರೆ ಪೈಸೆ. ಕ್ವಿಂಟಲ್‌ಗೆ ನಲವತ್ತು ಸಾವಿರ ದಾಟುವ ಅಡಿಕೆಗೆ ಇದು ಲೆಕ್ಕಕ್ಕೇ ಇಲ್ಲ. ಖರೀದಿದಾರನಿಗೆ ಏನೂ ಅಲ್ಲ, ನಿಮಗೆ ಒಂದು ಟ್ರಿಪ್ಪಿನ ಲಾಭದಲ್ಲಿ ದೊಡ್ಡ ತುಂಡು. ಯಾಕೆ? ನೀವು ಎಲ್ಲವನ್ನೂ ಸೇರಿಸಿ ಒಂದೇ ಬಾಡಿಗೆ ಮಾತಾಡುತ್ತೀರಿ. ಬ್ರೋಕರ್ ಅದರಲ್ಲೇ ಕೊಯ್ಯುತ್ತಾನೆ. ಶುಲ್ಕ ಏರಿದರೆ ಬಾಡಿಗೆ ಏರುವುದಿಲ್ಲ, ನಿಮ್ಮ ಉಳಿತಾಯ ಇಳಿಯುತ್ತದೆ. ಜರ್ಮನಿಯಲ್ಲಿ ಲಾರಿ ಬಿಲ್ಲಿನಲ್ಲಿ ಬಾಡಿಗೆ ಒಂದು ಸಾಲು, ಟೋಲ್ ಇನ್ನೊಂದು ಸಾಲು ಹಾಕುವ ರೂಢಿ ಇದೆ. ಟೋಲ್ 19ರಿಂದ 35 ಸೆಂಟ್ ಆದಾಗ ಎರಡನೇ ಸಾಲು ತಾನೇ ಏರಿತು. 500 ಕಿಲೋಮೀಟರಿಗೆ 80 ಯೂರೋ ಜಾಸ್ತಿ, 20 ಟನ್ ಮಾಲಿಗೆ ಹಂಚಿದರೆ ಕಿಲೋಗೆ ಅರ್ಧ ಸೆಂಟ್ ಕೂಡ ಇಲ್ಲ. ಕೊಳ್ಳುವವನು ಕೊಟ್ಟ.

ಮುಂದಿನ ಸಲ ಬಿಲ್ಟಿ ಬರೆಸುವಾಗ ಟೋಲ್ ಮತ್ತು ದೆಹಲಿ ಶುಲ್ಕವನ್ನು ಬೇರೆ ಸಾಲಿನಲ್ಲಿ, ರಸೀದಿ ತೋರಿಸಿ ಪಡೆಯುವಂತೆ ಬರೆಸಿ. ಒಬ್ಬರೇ ಕೇಳಿದರೆ ಬ್ರೋಕರ್ ನಗುತ್ತಾನೆ, ನಿಮ್ಮ ಊರಿನ ಲಾರಿ ಮಾಲೀಕರ ಸಂಘದ ಕಡೆಯಿಂದ ಕೇಳಿಸಿ. ಹಳೇ ಲಾರಿಯನ್ನು ಸದ್ಯಕ್ಕೆ ದಾವಣಗೆರೆ, ಹುಬ್ಬಳ್ಳಿ ಲೈನ್‌ನಲ್ಲಿ ಓಡಿಸಿ, ಮಾರುವುದಿದ್ದರೆ ಮುಂದಿನ ಎಫ್‌ಸಿಗೆ ಖರ್ಚು ಮಾಡುವ ಮೊದಲೇ ಮಾರಿ. ಹೊಸ ಲಾರಿ ದೆಹಲಿಯಿಂದ ಖಾಲಿ ಬರುತ್ತಿದೆಯಾ, ಲೋಡ್ ಹಿಡಿದು ಬರುತ್ತಿದೆಯಾ ಅಂತ ನಿಮ್ಮ ಪ್ರಶ್ನೆಯಲ್ಲಿ ಬರೆದಿಲ್ಲ. ಖಾಲಿ ಬರುತ್ತಿದ್ದರೆ, ಎರಡು ಸಾವಿರ ಕಿಲೋಮೀಟರಿಗೆ ಸುಮಾರು 500 ಲೀಟರ್ ಡೀಸೆಲ್ ಲೆಕ್ಕ ಹಾಕಿ ನೋಡಿ. ದೆಹಲಿ ಶುಲ್ಕಕ್ಕಿಂತ ಎಷ್ಟೋ ಪಟ್ಟು ದುಡ್ಡು ಅಲ್ಲೇ ಹೋಗುತ್ತಿರುತ್ತದೆ.